ಶಾಮಲಮ್ಮ ಟೀಚರ್ ಬರೆದ ವಯಸ್ಸು

ಮುಳಬಾಗಿಲಿನ ಅರ್ಧ ಊರು ಹುಟ್ಟಿದ್ದು ಜೂನ್ ಒಂದನೇ ತಾರೀಕು. ನಂಬಿಕೆ ಬರದಿದ್ದರೆ ಶಾಲೆಯ ದಾಖಲಾತಿ ಪುಸ್ತಕ ತೆಗೆಸಿ ನೋಡಿ. ಹುಟ್ಟಿಸಿದವನು ದೇವರೇ ಇರಬಹುದು, ತಾರೀಕು ಕೊಟ್ಟವರು ಮಾತ್ರ ಶಾಮಲಮ್ಮ ಟೀಚರ್. ಮಗುವನ್ನು ಸೊಂಟದಲ್ಲಿ ಹೊತ್ತು ಬಂದ ತಾಯಿ, ‘ಕೆರೆ ಕೋಡಿ ಹೋದ ವರ್ಷ ಹುಟ್ಟಿದ್ದಮ್ಮಾ’ ಎಂದರೆ ಟೀಚರ್ ಯಾವ ಕ್ಯಾಲೆಂಡರ್ ತಿರುವಬೇಕು? ಮಗುವನ್ನು ಎದುರಿಗೆ ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಬೆರಳು ಕಿವಿಗೆ ತಗುಲಿದರೆ ಆರು ವರ್ಷ ತುಂಬಿತು. ತಗುಲದಿದ್ದರೆ ಮುಂದಿನ ವರ್ಷ ಬಾ. ಹೀಗೆ ೧೯೮೬ರಲ್ಲಿ ನಿವೃತ್ತರಾಗುವವರೆಗೂ ಕಿವಿ ಮುಟ್ಟಿಸಿ ವಯಸ್ಸು ಬರೆದರು. ಯಾರೂ ತಕರಾರು ಎತ್ತಲಿಲ್ಲ.

ವಾರದಲ್ಲಿ ಆರು ದಿನ ಸರ್ಕಾರದ ಶಾಲೆ, ಏಳನೆಯ ದಿನ ಚರ್ಚಿನ ಸಂಡೇಸ್ಕೂಲು. ಎರಡೂ ಕಡೆ ಅವರದೇ ದರ್ಬಾರು. ಬಿಳಿ ವಾಯಿಲ್ ಸೀರೆ, ಎಣ್ಣೆ ಹಚ್ಚಿ ಬಿಗಿದ ಗಂಟು, ಮಾತು ಒಂದು ಏಟು ಎರಡು ತುಂಡು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮರುಕ ತೋರಿಸಲು ಬಂದವರಿಗೆ ಕಾಫಿ ಕೊಟ್ಟು ಸಾಗಹಾಕುತ್ತಿದ್ದರು.

ಚರ್ಚಿನ ‘ಹನ್ನೆರಡರ ಕಟ್ಟಳೆ’ ಅವರೇ ತಂದದ್ದು. ಅದಕ್ಕೆ ಮೊದಲು ಯಾವ ತಂದೆಗೆ ಗಂಟಲು ದೊಡ್ಡದೋ ಅವನ ಮಗುವಿಗೆ ಬೇಗ ದೃಢೀಕರಣವಾಗಿ ಸಭೆಯಲ್ಲಿ ದೊಡ್ಡವರ ಸಾಲು, ಬೇಗ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ಒಮ್ಮೆ ಎಂಟು ವರ್ಷದ ಪೋರನೊಬ್ಬ ಮೊಣಕಾಲೂರಿ, ದ್ರಾಕ್ಷಾರಸ ಕುಡಿದು, ಇನ್ನೊಂದು ಲೋಟ ಬೇಕು ಎಂದ. ಅವತ್ತು ಶಾಮಲಮ್ಮನವರ ಪಿತ್ತ ನೆತ್ತಿಗೇರಿತು. ಸಭೆಯ ಕೂಟದಲ್ಲಿ ಎದ್ದು ನಿಂತು ಹೇಳಿದರು: ಯೇಸುಸ್ವಾಮಿ ದೇವಾಲಯದಲ್ಲಿ ಬೋಧಕರ ನಡುವೆ ಕೂತದ್ದು ಹನ್ನೆರಡನೆಯ ವರ್ಷಕ್ಕೆ. ನಮ್ಮ ಮಕ್ಕಳಿಗೂ ಅದೇ ಇರಲಿ. ಹನ್ನೆರಡು ತುಂಬುವವರೆಗೆ ಮಗುವಿನ ತಪ್ಪಿಗೆ ಹೆತ್ತವರು ಹೊಣೆ, ತುಂಬಿದ ಮೇಲೆ ದೇವರಿಗೆ ಮಗುವೇ ಉತ್ತರ ಕೊಡಬೇಕು. ಪುರಾವೆಗೆ ಶಾಲೆಯ ಸರ್ಟಿಫಿಕೇಟು ತರಲಿ. ಅಯ್ಯನವರು, ಅಂದರೆ ಪಾದ್ರಿಗಳು, ಒಪ್ಪಿದರು. ಹಿರಿಯರು ಬರೆದುಕೊಂಡರು. ಆ ಸರ್ಟಿಫಿಕೇಟಿನ ತಾರೀಕು ಎಲ್ಲಿಂದ ಬಂತೆಂದು ಕೇಳುವ ಬುದ್ಧಿ ಒಬ್ಬರಿಗೂ ಹೊಳೆಯಲಿಲ್ಲ. ಹೊಳೆಯಬೇಕಾದವರಿಗೆ ಹೊಳೆದಿತ್ತು, ಅವರು ಬಾಯಿ ಬಿಡಲಿಲ್ಲ.

೧೯೭೯ರ ಜುಲೈ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಚರ್ಚಿನ ಬಾಗಿಲು ತೆಗೆದರೆ ನೆಲದ ತುಂಬ ಗಾಜು. ಹಿಂದೆ ಇದ್ದ ಮಿಷನ್ನಿನ ದೊರೆಸಾನಿ ಕೊಟ್ಟುಹೋದ ಭೋಜನದ ಪುಟ್ಟ ಲೋಟಗಳು, ಇಪ್ಪತ್ತನಾಲ್ಕೂ ಚೂರು. ಕೀ ಇದ್ದದ್ದು ಇಬ್ಬರ ಹತ್ತಿರ: ಒಂದು ಟೀಚರ್ ಮನೆಯಲ್ಲಿ, ಇನ್ನೊಂದು ಶನಿವಾರ ಕಸ ಗುಡಿಸಿ ಲೋಟ ತೊಳೆಯುವ ಮುತ್ಯಾಲಮ್ಮನ ಸೆರಗಿನಲ್ಲಿ. ತಾನು ತೊಳೆದು ಒರೆಸಿ ಇಟ್ಟದ್ದೇ ಇಟ್ಟದ್ದು, ಆಮೇಲೆ ಗೊತ್ತಿಲ್ಲ ಎಂದಳು ಮುತ್ಯಾಲಮ್ಮ. ಶನಿವಾರ ಸಂಜೆ ಹಾಡಿನ ಪುಸ್ತಕ ತರಲು ಜ್ಞಾನಮಣಿಗೆ ತಮ್ಮ ಕೀ ಕೊಟ್ಟದ್ದು ಶಾಮಲಮ್ಮನವರಿಗೆ ನೆನಪಾಯಿತು. ಮಣಿ ಅವರ ಸಂಡೇಸ್ಕೂಲಿನ ಮೊದಲ ಹುಡುಗಿ, ಕೀರ್ತನೆಗಳನ್ನು ನೀರು ಕುಡಿದ ಹಾಗೆ ಹೇಳುವವಳು. ಅವಳು ಅಂಥವಳಲ್ಲ ಎಂದುಕೊಂಡು ಆ ನೆನಪನ್ನು ಅಲ್ಲೇ ಅದುಮಿದರು. ‘ಒಡೆದದ್ದಕ್ಕಲ್ಲ, ಮುತ್ಯಾಲಮ್ಮ ಸುಳ್ಳು ಹೇಳ್ತಾಳಲ್ಲ ಅದಕ್ಕೆ ಬೇಜಾರು’ ಎಂದು ಹಿರಿಯರಿಗೆ ಹೇಳಿದರು. ಅಷ್ಟು ಸಾಕಾಯಿತು. ಮುತ್ಯಾಲಮ್ಮನ ಕೈಯಿಂದ ಕೀ ಹೋಯಿತು. ತಪ್ಪು ಒಪ್ಪಿಕೊಳ್ಳುವವರೆಗೆ ಭೋಜನಕ್ಕೂ ಬರಕೂಡದು ಎಂದಾಯಿತು. ಮಾಡದ ತಪ್ಪನ್ನು ಆಕೆ ಹೇಗೆ ಒಪ್ಪಿಯಾಳು? ಆರು ತಿಂಗಳು ಹಿಂದಿನ ಬೆಂಚಿನಲ್ಲಿ ಕೂತಳು. ಜನ ಎದ್ದು ಮುಂದೆ ಹೋಗುವಾಗ ತಲೆ ತಗ್ಗಿಸದೆ ನೋಡುತ್ತಿದ್ದಳು.

ಡಿಸೆಂಬರಿನಲ್ಲಿ ದೃಢೀಕರಣದ ತರಗತಿ ಶುರುವಾಯಿತು. ಮಣಿಗೆ ಸರ್ಟಿಫಿಕೇಟಿನ ಪ್ರಕಾರ ಜೂನ್ ಒಂದಕ್ಕೇ ಹನ್ನೆರಡು ತುಂಬಿತ್ತು. ಮೂರನೆಯ ದಿನ, ಎಲ್ಲರೂ ಹೋದ ಮೇಲೆ ಹುಡುಗಿ ಬಾಗಿಲ ಹತ್ತಿರ ನಿಂತಳು. ಉಳಿದ ದ್ರಾಕ್ಷಾರಸ ಬಾಟಲಿಯಲ್ಲಿದೆಯೇನೋ ಎಂದು ಬೀರು ತೆಗೆದದ್ದು, ಲೋಟಗಳ ತಟ್ಟೆ ಜಾರಿದ್ದು, ಬಾಗಿಲು ಹಾಕಿಕೊಂಡು ಓಡಿದ್ದು, ಎಲ್ಲ ಹೇಳಿದಳು. ಶಾಮಲಮ್ಮನವರಿಗೆ ಹುಡುಗಿಯ ಮೇಲೆ ಸಿಟ್ಟು ಬರಲಿಲ್ಲ. ಅದುಮಿಟ್ಟ ನೆನಪು ಎದೆಗೆ ಒದೆಯಿತು.

ಸುದ್ದಿ ಹಿರಿಯರಿಗೆ ಹೋಯಿತು. ಹಿರಿಯರಲ್ಲಿ ಹಿರಿಯ ಸಮಾಧಾನಪ್ಪ, ನಿವೃತ್ತ ಕಾಂಪೌಂಡರ್, ಹೆಸರೊಂದೇ ಸಮಾಧಾನ. ಅವರು ಕಟ್ಟಳೆಯ ಪುಸ್ತಕ ಬಿಚ್ಚಿದರು: ಹನ್ನೆರಡು ತುಂಬಿದ್ದರೆ ಸಭೆಯ ಮುಂದೆ ನಿಂತು ಒಪ್ಪಿಕೊಳ್ಳಬೇಕು, ಒಂದು ವರ್ಷ ದೃಢೀಕರಣವಿಲ್ಲ. ತುಂಬಿರದಿದ್ದರೆ ತಾಯಿಗೆ ಬುದ್ಧಿ ಹೇಳಿ ಇಲ್ಲೇ ಮುಗಿಸೋಣ, ಹೊರಗೆ ಬಾಯಿ ಬಿಡುವುದು ಬೇಡ.

ಆ ಸಂಜೆಯೇ ಮಣಿಯ ತಾಯಿ ಎಲಿಸಮ್ಮ ಟೀಚರ್ ಮನೆಗೆ ಬಂದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳದು ಹೆಗ್ಗಣವೂ ಅಲ್ಲ, ಚಿನ್ನದಂಥ ಹುಡುಗಿ. ಮಣಿ ಹುಟ್ಟಿದ್ದು ಅರವತ್ತೆಂಟರ ಕ್ರಿಸ್‌ಮಸ್‌ಗೆ. ಶಾಲೆಗೆ ಸೇರಿಸುವಾಗ ನಾಲ್ಕೂವರೆ. ಉದ್ದ ಕೈ, ಕಿವಿಗೆ ಸಲೀಸಾಗಿ ತಗುಲಿತ್ತು.

‘ನೀವೇ ಬರೆದಿದ್ದಲ್ವಾ ಟೀಚರಮ್ಮ, ನೀವೇ ಹೇಳ್ಬಿಡಿ. ಲೋಟ ಒಡೆದಾಗ ಅವಳಿಗೆ ಹತ್ತೇ ವರ್ಷ. ಸಭೆ ಮುಂದೆ ನಿಲ್ಸಿದ್ರೆ ನಾಳೆ ಅವಳನ್ನ ಕಳ್ಳಿ ಅಂತಾರೆ’ ಎಂದು ಕಣ್ಣೊರೆಸಿಕೊಂಡಳು.

ಮಾತು ನಿಜವೇ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ‘ಅದು ನನ್ನ ಅಂದಾಜು’ ಎಂದು ಸಮಾಧಾನಪ್ಪನವರ ಕಿವಿಯಲ್ಲಿ ಒಂದು ಮಾತು ಹಾಕಿದರೆ ಹುಡುಗಿ ಪಾರು. ತಾವು ಕೀ ಕೊಟ್ಟ ವಿಷಯವೂ ಅಲ್ಲೇ ಮುಚ್ಚಿಹೋಗುತ್ತದೆ. ಶಾಮಲಮ್ಮನವರಿಗೆ ಆಸೆಯಾಯಿತು, ನಿಜವಾಗಿ ಆಸೆಯಾಯಿತು. ಆದರೆ ಮುತ್ಯಾಲಮ್ಮ ಹಿಂದಿನ ಬೆಂಚಿನಲ್ಲೇ ಉಳಿಯುತ್ತಾಳಲ್ಲ? ಒಂದು ಸಲ ಹುಡುಗಿಯನ್ನೇ ಕೇಳೋಣವೆಂದು ಮಣಿಯನ್ನು ಕರೆಸಿದರು. ನಿನಗೆ ಇನ್ನೂ ಹನ್ನೆರಡಾಗಿಲ್ಲ, ಕಟ್ಟಳೆ ನಿನಗೆ ತಾಗುವುದಿಲ್ಲ, ನಾನು ಹೇಳುತ್ತೇನೆ ಎಂದರು.

ಮಣಿ ತಿರುಗಿ ಕೇಳಿದಳು.

‘ಹತ್ತು ವರ್ಷದವಳು ಬೀಳ್ಸಿದ್ರೆ, ಮುತ್ಯಾಲಮ್ಮ ಬೀಳ್ಸಿದ ಹಾಗೆ ಆಗುತ್ತಾ ಟೀಚರ್?’

ಎಲಿಸಮ್ಮ ಬಾಯಿಗೆ ಸೆರಗು ಹಿಡಿದಳು. ಮಣಿ ನಿಲ್ಲಿಸಲಿಲ್ಲ. ತಾನು ಆಗಲೇ ಮುತ್ಯಾಲಮ್ಮನ ಮನೆಗೆ ಹೋಗಿ ಹೇಳಿಬಂದಿರುವುದಾಗಿಯೂ, ಆಕೆ ಬೈಯಲಿಲ್ಲ, ಇದನ್ನು ಚರ್ಚಿನಲ್ಲಿ ಹೇಳುತ್ತೀಯಾ ಎಂದಷ್ಟೇ ಕೇಳಿದಳೆಂದೂ, ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದಿರುವುದಾಗಿಯೂ ಹೇಳಿದಳು. ಮೂವತ್ತು ವರ್ಷ ಮಕ್ಕಳಿಗೆ ದಶಾಜ್ಞೆ ಬಾಯಿಪಾಠ ಮಾಡಿಸಿದ ಶಾಮಲಮ್ಮನವರಿಗೆ ಆ ಹುಡುಗಿಯ ಮುಖ ನೋಡಲು ನಾಚಿಕೆಯಾಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಮಣಿ ಮುಂದೆ ನಿಂತು ನಾಲ್ಕು ಮಾತಿನಲ್ಲಿ ಹೇಳಿ ಮುಗಿಸಿದಳು. ಒಂದು ಮಾತೂ ತಪ್ಪಲಿಲ್ಲ. ಸಮಾಧಾನಪ್ಪ ಪುಸ್ತಕ ಹಿಡಿದು ಏಳುವಷ್ಟರಲ್ಲಿ ಶಾಮಲಮ್ಮನವರೇ ಎದ್ದು ಹುಡುಗಿಯ ಪಕ್ಕ ಹೋಗಿ ನಿಂತರು.

‘ಈ ಮಗುಗೆ ಹನ್ನೆರಡಾಗಿಲ್ಲ. ಆ ತಾರೀಕು ನಾನು ಅಂದಾಜಿಗೆ ಬರೆದಿದ್ದು. ನನಗೆ ಐವತ್ತೊಂದು, ಅದು ಅಂದಾಜಲ್ಲ. ಆ ಶನಿವಾರ ಕೀ ಕೊಟ್ಟೋಳು ನಾನು. ಮರೆತಿದ್ದೆ ಅಂದ್ರೆ ಸುಳ್ಳಾಗುತ್ತೆ. ನೆನಪಿತ್ತು, ಮಣಿಯನ್ನ ಕೇಳ್ಲಿಲ್ಲ. ಮುತ್ಯಾಲಮ್ಮನವರು ಕಸ ಗುಡಿಸೋರು ಅಂತ ಅವರ ಮೇಲೆ ಹಾಕೋದು ಸುಲಭ ಆಯ್ತು.’

ಸಮಾಧಾನಪ್ಪ ಪುಸ್ತಕ ಮಡಚಿ ಕೂತರು. ಹಿಂದಿನ ಬೆಂಚಿನಲ್ಲಿ ಮುತ್ಯಾಲಮ್ಮ ಎದ್ದು ನಿಂತಳು. ಆಕೆಯ ಮನೆಮಾತು ತೆಲುಗು, ಸಿಟ್ಟು ಬಂದರೂ ದುಃಖ ಬಂದರೂ ಕನ್ನಡ ನಿಧಾನವಾಗುತ್ತಿತ್ತು.

‘ಆ ಪಾಪ ನಮ್ಮ ಮನೆಗೆ ಬಂದು ಹೇಳಿತಮ್ಮ. ನಿಮ್ಮ ಮನೆ ನಮ್ಮ ಮನೆಗೆ ಇನ್ನೂ ಹತ್ರ.’

ಅಷ್ಟೇ ಹೇಳಿ ಕೂತಳು.

ಶಾಮಲಮ್ಮನವರು ತಮಗೆ ಶಿಕ್ಷೆ ತಾವೇ ಹೇಳಿಕೊಂಡರು: ಮುತ್ಯಾಲಮ್ಮ ಎಷ್ಟು ತಿಂಗಳು ಕೂತಳೋ ಅಷ್ಟು ತಿಂಗಳು ತಾವೂ ಹಿಂದಿನ ಬೆಂಚಿನಲ್ಲಿ. ಅಯ್ಯನವರು ಬೇಡವೆಂದರು, ಕೇಳುವ ಜಾಯಮಾನವೇ? ಮಣಿಯ ವಯಸ್ಸಿನ ಚರ್ಚೆಯನ್ನು ಅಯ್ಯನವರು ಒಂದೇ ಮಾತಿಗೆ ಮುಗಿಸಿದರು: ತಪ್ಪು ತನ್ನದೆಂದು ಬಂದು ಹೇಳಿದವಳಿಗೆ ಇನ್ನೇನು ದೃಢವಾಗಬೇಕು? ಹೊಸ ವರ್ಷದ ಮೊದಲ ಭೋಜನಕ್ಕೆ ಮುತ್ಯಾಲಮ್ಮ ಮತ್ತು ಮಣಿ ಒಟ್ಟಿಗೆ ಮೊಣಕಾಲೂರಿದರು. ಶಾಮಲಮ್ಮನವರು ಹಿಂದಿನಿಂದ ನೋಡಿದರು. ಆಗ ಅವರ ಕಣ್ಣು ತುಂಬಿತ್ತು, ತಲೆ ಮಾತ್ರ ತಗ್ಗಿರಲಿಲ್ಲ.

ಫೆಬ್ರವರಿ, ಮಾರ್ಚಿ ಕಳೆದವು. ‘ಪರವಾಗಿಲ್ಲ ಬಿಡಿ’ ಎಂದು ಮುತ್ಯಾಲಮ್ಮ ಒಂದು ಮಾತು ಹೇಳಿಯಾಳೆಂದು ಟೀಚರ್ ಒಳಗೊಳಗೇ ಕಾಯುತ್ತಿದ್ದದ್ದು ಸುಳ್ಳಲ್ಲ. ಆಕೆ ಹೇಳಲಿಲ್ಲ. ಸಿಕ್ಕಾಗ ನಮಸ್ಕಾರ ಹೇಳುತ್ತಿದ್ದಳು, ಮಳೆ ಬೆಳೆ ಮಾತಾಡುತ್ತಿದ್ದಳು, ಆ ಮಾತು ಮಾತ್ರ ಇಲ್ಲ. ಜೂನ್ ಕಳೆದು ಜುಲೈ ಬಂತು. ಆರು ತಿಂಗಳು ಮುಗಿದಿತ್ತು. ಭೋಜನಕ್ಕೆ ಜನ ಎದ್ದು ಮುಂದೆ ನಡೆದರೂ ಶಾಮಲಮ್ಮನವರು ಏಳಲಿಲ್ಲ. ತಮ್ಮಷ್ಟಕ್ಕೆ ತಾವೇ ಎದ್ದು ಹೋಗಿಬಿಡುವ ಹಕ್ಕು ಯಾರು ಕೊಟ್ಟರು ಎನ್ನಿಸಿತು.

ಮುತ್ಯಾಲಮ್ಮ ಮುಂದಿನ ಸಾಲಿನಿಂದ ತಿರುಗಿ, ಜನರ ನಡುವೆ ದಾರಿ ಮಾಡಿಕೊಂಡು ಹಿಂದಕ್ಕೆ ಬಂದಳು. ಪೊರಕೆ ಹಿಡಿದು ಗಟ್ಟಿಯಾದ ಕೈಯಿಂದ ಟೀಚರ್ ಮೊಣಕೈ ಹಿಡಿದಳು.

‘ನಾನೂ ಎಣಿಸ್ತಾನೇ ಇದ್ದೆ ಟೀಚರಮ್ಮ. ಇವತ್ತಿಗೆ ಸರಿಹೋಯ್ತು. ಏಳಿ.’