ಅಕ್ಕನ ದನಿಗೆ ಬೆವರಿದ ಬೆರಳು

ಅಕ್ಕ ಕಟ್ಟಿಕೊಟ್ಟ ಡಬ್ಬಿಯನ್ನು ನಾಲ್ಕು ತಿಂಗಳು ನಾನು ತಿನ್ನಲಿಲ್ಲ. ಯಲಹಂಕದಲ್ಲಿ ನಾನು ಕೆಲಸ ಮಾಡುವ ಪಂಕ್ಚರ್ ಅಂಗಡಿಯ ಮುಂದೆ ಮಲಗುವ ಕಂದು ನಾಯಿಗೆ ಮುದ್ದೆ, ಸೊಪ್ಪಿನ ಸಾರು ಹಾಕಿ, ಎದುರಿನ ಹೋಟೆಲಿನಲ್ಲಿ ಬಿರಿಯಾನಿ ತಿನ್ನುತ್ತಿದ್ದೆ. ಮಧ್ಯಾಹ್ನ ಅಕ್ಕನ ಫೋನು ಬರುತ್ತಿತ್ತು. ಕೈಯೆಲ್ಲ ಗ್ರೀಸು, ಆದ್ದರಿಂದ ಸ್ಪೀಕರಿಗೆ ಹಾಕುತ್ತಿದ್ದೆ. "ಊಟ ಆಯ್ತೇನೋ?" ಅನ್ನುತ್ತಿದ್ದಳು. ಸಾರು ಚೆನ್ನಾಗಿತ್ತು ಅನ್ನುತ್ತಿದ್ದೆ. ನಾಯಿಯ ಮಟ್ಟಿಗೆ ಅದು ನಿಜವೇ.

ಅಕ್ಕ ದಾಸರಹಳ್ಳಿಯ ಒಂದು ಸಾರಿನಪುಡಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಮಾಲೀಕರು ಮೆಚ್ಚಿ, ಜಾಹೀರಾತಿಗೆ ಅವಳ ದನಿಯನ್ನೇ ರೆಕಾರ್ಡ್ ಮಾಡಿಸಿದ್ದರು. ಪೈಪೋಟಿಗೆ ಒಬ್ಬ ಕಲಾವಿದೆಯ ದನಿಯೂ ಇತ್ತು. ಯಾವುದು ಜನರ ಮನಸ್ಸಿಗೆ ತಟ್ಟುತ್ತದೆಂದು ಹೆಬ್ಬಾಳದ ಆಫೀಸೊಂದರಲ್ಲಿ ಪರೀಕ್ಷೆ. ನಮ್ಮಲ್ಲಿ ಸ್ಕೂಟರಿಗೆ ಗಾಳಿ ಹಾಕಿಸುವ ಹುಡುಗಿ ಅಲ್ಲಿನವಳೇ. ಜಾಹೀರಾತು ನೋಡುವುದಕ್ಕೆ ಜನ ಬೇಕು ಎಂದಳು. ಅಕ್ಕನನ್ನು ಗೆಲ್ಲಿಸಿಬಿಡೋಣವೆಂದು, ಅಕ್ಕನಿಗೆ ತಿಳಿಸದೆ ಅಲ್ಲಿಗೆ ಹೋದೆ. ಅವರು ಕೊಟ್ಟ ಫಾರಮ್ಮಿನಲ್ಲಿ, ಜಾಹೀರಾತಿನವರಲ್ಲಿ ನಿಮ್ಮ ಪರಿಚಯದವರು ಇದ್ದಾರೆಯೇ ಎಂಬಲ್ಲಿ 'ಇಲ್ಲ' ಎಂದು ಬರೆದೆ. ಏಳನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕಾಯಿತು.

ತಲೆಗೆ ವೈರುಗಳ ಟೋಪಿ, ಬೆರಳಿಗೆ ಕ್ಲಿಪ್ಪು. ಟೋಪಿ ಮೆದುಳಿನ ಸಣ್ಣ ಕರೆಂಟನ್ನು, ಕ್ಲಿಪ್ಪು ಬೆವರನ್ನು ಹಿಡಿಯುತ್ತದಂತೆ. ನಾನೋ, ಅಕ್ಕನ ದನಿ ಬಂದ ಕೂಡಲೇ ಬಾಯಿ ತುಂಬ ನಗಬೇಕೆಂದು ತಯಾರಾಗಿ ಕೂತಿದ್ದೆ.

ಪರದೆಯ ಮೇಲೆ ಯಾರೋ ಊಟದ ಡಬ್ಬಿ ತೆರೆದರು. ಅಕ್ಕನ ದನಿ ಕೇಳಿತು: "ಊಟ ಆಯ್ತೇನೋ?"

ನಾನು ನಕ್ಕೆ. ಬೆರಳು ಒದ್ದೆಯಾಯಿತು. ಕಂಪ್ಯೂಟರಿನ ಗೆರೆ ಗೋಡೆ ಹತ್ತುವಂತೆ ಹತ್ತಿತು.

"ಇಲ್ಲಿ ಏನಾಯ್ತು ಸರ್?" ಎಂದಳು ಹುಡುಗಿ. "ಏನೋ ಜೋರಾಗಿ ಅನ್ಸಿದೆ. ಖುಷಿನೋ ಭಯನೋ ಮಷೀನ್‌ಗೆ ಗೊತ್ತಾಗಲ್ಲ, ನೀವೇ ಹೇಳ್ಬೇಕು."

ನಾಯಿಯ ವಿಷಯ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿಕೊಂಡು, ಆ ದನಿ ಕೇಳಿದರೆ ಸ್ವಲ್ಪ ಹೆದರಿಕೆಯಾಗುತ್ತದೆ ಎಂದುಬಿಟ್ಟೆ. ಅವಳು ಬರೆದುಕೊಂಡಳು.

ವಾರದ ಮೇಲೆ, ಅಟ್ಟೂರಿನ ನಮ್ಮ ಮನೆಯಲ್ಲಿ ಅಕ್ಕ ಕನ್ನಡಿಯ ಮುಂದೆ ನಿಂತು ಅದೇ ಮಾತನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ನೋಡಿದವರಲ್ಲಿ ಒಬ್ಬ ಅವಳ ದನಿಗೆ ಹೆದರಿದನಂತೆ. ಮಾಲೀಕರು ಕಲಾವಿದೆಯ ಕಡೆಗೆ ವಾಲಿದ್ದರು.

"ನನ್ ದನಿ ಅಷ್ಟು ಒರಟಾ ಕಣೋ?"

ಎಲ್ಲವನ್ನೂ ಹೇಳಿಬಿಟ್ಟೆ: ಟೋಪಿ, ಸುಳ್ಳು, ಬಿರಿಯಾನಿ, ನಾಯಿ. ಅಕ್ಕ ಕನ್ನಡಿಯಿಂದ ಮುಖ ತಿರುಗಿಸಲಿಲ್ಲ.

"ನಾಯಿ ವಿಷ್ಯ ಗೊತ್ತಿತ್ತು. ನಿನ್ ಅಂಗ್ಡಿಗೆ ಬಂದಾಗೆಲ್ಲ ಡಬ್ಬಿ ಹುಡುಕ್ಕೊಂಡು ನನ್ ಬ್ಯಾಗಿಗೆ ಮೂತಿ ತೂರ್ಸುತ್ತೆ ಅದು. ನೀನು ಯಾವತ್ತು ಹೇಳ್ತೀಯ ಅಂತ್ಲೇ ದಿನಾ ಕೇಳ್ತಿದ್ದೆ."

ಮಾರನೆಯ ದಿನ ಹೆಬ್ಬಾಳಕ್ಕೆ ಹೋಗಿ ನಿಜ ಒಪ್ಪಿಕೊಂಡೆ. ಹುಡುಗಿ ನನ್ನ ಗೆರೆಯನ್ನು ಲೆಕ್ಕದಿಂದ ತೆಗೆದುಹಾಕಿದಳು. ಗಾಳಿಗೂ ಬೇರೆ ಅಂಗಡಿ ನೋಡಿಕೊಂಡಳು. ಜಾಹೀರಾತಿಗೆ ಅಕ್ಕನ ದನಿಯೇ ಉಳಿಯಿತು.

ಈಗ ಅದು ಎದುರಿನ ಹೋಟೆಲಿನ ಟಿವಿಯಲ್ಲಿ ಬರುತ್ತದೆ. "ಊಟ ಆಯ್ತೇನೋ?" ಎಂದ ಕೂಡಲೇ ಕಂದು ನಾಯಿ ಎದ್ದು ಬಾಲ ಆಡಿಸುತ್ತಾ ನನ್ನ ಮುಂದೆ ಬಂದು ನಿಲ್ಲುತ್ತದೆ. ನಾನು ತಲೆ ತಗ್ಗಿಸಿ ಮುದ್ದೆ ನುಂಗುತ್ತೇನೆ. ಬೆರಳು ಈಗಲೂ ಒದ್ದೆಯಾಗುತ್ತದೆ; ಸಾರಿನಿಂದ ಎಂದುಕೊಳ್ಳುತ್ತೇನೆ.