ಹಲ್ಲಿಗೆ ಕೇಳಿಸಿದ ಎಂಜಿನ್

ನನ್ನ ಸೋದರಮಾವನಿಗೆ ಕಿವಿ ಕೇಳಿಸುವುದಿಲ್ಲ. ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೂ ತಿರುಗಿ ನೋಡುವುದಿಲ್ಲ. ಗ್ಯಾರೇಜಿನಲ್ಲಿ ತಗಡು ಬಡಿದು ಬಡಿದು, ಎಂಜಿನ್‌ಗಳ ಅರಚಾಟದ ನಡುವೆಯೇ ಆಯುಷ್ಯ ಸವೆಸಿ ಕಿವಿ ಕಳೆದುಕೊಂಡ ಮನುಷ್ಯ. ಕಿವಿಯ ಹಿಂದೆಯೇ ಗಿರಾಕಿಗಳೂ ಹೋದರು. ಕಿವಿಗೆ ಮೆಷಿನ್ ಹಾಕಿಸಿಕೋ ಎಂದು ಸನ್ನೆ ಮಾಡಿದರೆ, "ಹಾಕ್ಕೊಂಡ್ರೆ ಮೊದ್ಲು ಕೇಳ್ಸೋದು ನಿಮ್ಮತ್ತೆ ಬೈಗುಳ. ಬೇಡಮ್ಮಾ ತಾಯಿ" ಎಂದು ನಗುತ್ತಾನೆ.

ಅಂಥವನನ್ನೇ ನಾನು ಹಳೇ ಕಾರು ನೋಡಲು ಕರೆದೆ. ಗಂಡ ಹಣೆ ಚಚ್ಚಿಕೊಂಡರು. "ತಲೆಗಿಲೆ ಕೆಟ್ಟಿದ್ಯಾ? ಸದ್ದು ಮಾಡೋ ಎಂಜಿನ್ ತೋರ್ಸೋಕೆ ಕಿವಿ ಕೇಳ್ಸದೋರ್ನ ಕರೀತಿದ್ದೀಯಲ್ಲ!"

"ಕಿವಿ ಇದ್ದೋರ ಮಾತು ಕೇಳಿದ್ದಾಯ್ತಲ್ಲ!" ಎಂದು ನಾನೂ ರೇಗಿದೆ.

ನನ್ನ ಸಂಕಟ ನನಗೆ. ನಮ್ಮ ಬೀದಿಯ ಪುಟಾಣಿಗಳನ್ನು ಶಾಲೆಗೆ ಬಿಟ್ಟು ಕರೆತರುವ ಕೆಲಸ ಸಿಕ್ಕಿತ್ತು. ಸೋಮವಾರದೊಳಗೆ ಕಾರು ಬೇಕು, ಇಲ್ಲದಿದ್ದರೆ ಆ ಕೆಲಸ ಬೇರೆಯವರ ಪಾಲು. ನಮ್ಮ ಕೈಗೆಟುಕಿದ್ದು ಪಕ್ಕದ ಬೀದಿಯ ದರ್ಜಿಯ ಕಾರೊಂದೇ. ಸ್ಟಾರ್ಟ್ ಮಾಡಿದರೆ ಮುಂದಿನಿಂದ ಟಕಟಕ ಸದ್ದು. ಇಬ್ಬರು ಮೆಕ್ಯಾನಿಕ್‌ಗಳು ನಿಂತಲ್ಲೇ ಕಿವಿಗೊಟ್ಟು, "ಎಂಜಿನ್ ಹೋಗಿದೆ, ಸುಮ್ನೆ ತಗೋಬೇಡಿ" ಎಂದು ಕೈತೊಳೆದುಕೊಂಡಿದ್ದರು.

ಗಂಡನೂ ನಾನೂ ಮಾವನನ್ನು ದರ್ಜಿಯ ಮನೆಗೆ ಕರೆದೊಯ್ದೆವು. ಮಾವ ಬಂದವನೇ ಬಾನೆಟ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. "ಸದ್ಯ, ಯಾರೂ ಮೊದ್ಲೇ ಬಿಸಿ ಮಾಡಿ ರೋಗ ಮುಚ್ಚಿಡೋ ನಾಟಕ ಆಡಿಲ್ಲ" ಎಂದ. ಆಯಿಲ್ ಕಡ್ಡಿ ಎಳೆದು, ತುದಿಯ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿದ, ತರಿ ಇಲ್ಲ. ರೇಡಿಯೇಟರ್ ಮುಚ್ಚಳ ತೆಗೆದು ಇಣುಕಿದ. ನೀರಿನ ಮೇಲೆ ಜಿಡ್ಡಿಲ್ಲ. ಎರಡೂ ಸರಿ ಎಂಬಂತೆ ತಲೆದೂಗಿದ. ಆಮೇಲೆ ನನ್ನತ್ತ ಕೈಬೀಸಿದ. ಕೀಲಿ ತಿರುಗಿಸಿದೆ. ಟಕಟಕ ಶುರುವಾಯಿತು. ದರ್ಜಿಯ ಮುಖ ಸಪ್ಪಗಾಯಿತು. ಆ ಸದ್ದಿಗೆ ಹೆದರದೆ ನಿಂತಿದ್ದವನು ಮಾವ ಒಬ್ಬನೇ.

ಅವನು ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ತುದಿಯನ್ನು ಎಂಜಿನ್ನಿಗೆ ಒತ್ತಿ ಕಣ್ಣು ಮುಚ್ಚಿದ.

"ಇದೇನಪ್ಪಾ ಇದು, ಕಾರು ತಿಂತಾರಾ?" ಎಂದರು ದರ್ಜಿ.

ಮಾವನಿಗೆ ಅದೆಲ್ಲಿ ಕೇಳಬೇಕು! ಮೇಲೊಂದು ಕಡೆ, ಕೆಳಗೊಂದು ಕಡೆ, ಪಕ್ಕದಲ್ಲೊಂದು ಕಡೆ ತುದಿ ಇಡುತ್ತ, ಇಟ್ಟಲ್ಲೆಲ್ಲ ತಡೆದು ನಿಲ್ಲುತ್ತಾ ಹೋದ. ಕೊನೆಗೆ ಎಂಜಿನ್ ಪಕ್ಕದಲ್ಲೇ ಹಾದ ಸೈಲೆನ್ಸರ್ ಪೈಪಿಗೆ, ಶಾಖ ತಡೆಯಲೆಂದು ಹೊದಿಸಿದ ತಗಡಿಗೆ ಮುಟ್ಟಿಸಿದ್ದೇ ತಡ, ತಟ್ಟನೆ ತಲೆ ಹಿಂದಕ್ಕೆಳೆದ. ಮುಖದ ತುಂಬ ನಗು.

"ಎಂಜಿನ್ ಗುಂಡುಕಲ್ಲಿನ ಥರ ಇದೆ ಕಣೇ. ಬಡ್ಕೋತಿರೋದು ಈ ತಗಡು. ಬೋಲ್ಟ್ ಸಡಿಲ ಆಗಿದೆ, ಅಷ್ಟೇ."

ಎಂಜಿನ್ ಓಡುತ್ತಿರುವಂತೆಯೇ ಕಾರಿನಿಂದಿಳಿದು, ನಂಬಿಕೆ ಬಾರದೆ ನೋಡುತ್ತಿದ್ದೆ. ಅವನು ಹಿಡಿಯನ್ನು ಅಂಗಿಗೆ ಒರೆಸಿ ನನ್ನ ಬಾಯಿಗೇ ಹಿಡಿದ. ಎರಡೂ ಕಿವಿ ಮುಚ್ಚಿಕೋ ಎಂದು ಸನ್ನೆ ಮಾಡಿ, ತುದಿಯನ್ನು ತಾನೇ ಹಿಡಿದು ಎಂಜಿನ್ನಿಗೆ ಒತ್ತಿದ. ಕಿವಿ ಮುಚ್ಚಿಕೊಂಡು ಹಿಡಿಯನ್ನು ಕಚ್ಚಿದೆ.

ಅಬ್ಬಬ್ಬಾ! ಇಡೀ ಎಂಜಿನ್ ನನ್ನ ತಲೆಬುರುಡೆಯೊಳಗೇ ಬಂದು ಕೂತಿತು. ಒಂದೇ ಸಮನೆ ಗುಂಯ್‌ಗುಡುವ ತುಂಬು ನಾದ. ಅದರಲ್ಲಿ ಟಕಟಕ ಇಲ್ಲವೇ ಇಲ್ಲ. ತುದಿಯನ್ನು ತಗಡಿಗೆ ಸರಿಸಿದ್ದೇ ಹಲ್ಲೆಲ್ಲ ಕಟಕಟ ಎಂದವು. ಪಾಪ, ಇವನಿಗೆ ಏನೂ ಕೇಳಿಸುವುದಿಲ್ಲ ಎಂದು ನಾವು ಇಷ್ಟು ವರ್ಷ ಮರುಗಿದ್ದೇ ಮರುಗಿದ್ದು. ಇಷ್ಟು ದೊಡ್ಡದನ್ನು ಅವನು ಬಾಯೊಳಗೆ ಇಟ್ಟುಕೊಂಡು ಓಡಾಡುತ್ತಿದ್ದ!

ಮಾವ ಬಟ್ಟೆ ಸುತ್ತಿದ ಕೈಯನ್ನು ಒಳಗೆ ತೂರಿಸಿ ಸ್ಪ್ಯಾನರ್ ತಿರುಗಿಸಿದ. ಟಕಟಕ ಗಪ್ಪೆಂದು ನಿಂತಿತು. ದರ್ಜಿ "ಅರೆ!" ಎಂದರು. ನನ್ನ ಗಂಡ ಬಾಯಿ ತೆರೆದವರು ಮುಚ್ಚಲಿಲ್ಲ. ನಾನು ಕಣ್ಣೊರೆಸಿಕೊಂಡೆ.

ಮಾವ ಮಾತ್ರ ಸ್ಪ್ಯಾನರ್ ಹಿಡಿದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದ.

"ಸದ್ದು ನಿಂತಿತಾ?" ಎಂದು ಕೇಳಿದ.

ಹೌದೆಂದು ತಲೆಯಾಡಿಸಿದೆ.

"ನಿಂತ್ರೆ ಅಳೋದ್ಯಾಕೆ? ಸೋಮವಾರ ಮಕ್ಳು ಕಾಯ್ತಿರ್ತಾರೆ. ಕಾರು ಹತ್ತು, ಒಂದು ಸುತ್ತು ಹೋಗ್ಬರೋಣ."