ಈಶಾನ್ಯಕ್ಕೆ ಹೋದ ಸಮುದ್ರ

ಸ್ಟೀಲ್ ಸ್ಕೇಲು ಮತ್ತೆ ನನ್ನ ಬೆರಳ ಗೆಣ್ಣಿನ ಮೇಲೇ ಬಿತ್ತು.

"ಊರೇ ಇನ್ನೂ ಹುಟ್ಟಿಲ್ಲ, ಗೋಡೆ ಕಟ್ತೀಯೇನೋ ಕತ್ತೆ? ಮೊದ್ಲು ಸಂತೆ ಕೂರ್ಲಿ!"

ನಂಜುಂಡಪ್ಪ ಮೇಸ್ತ್ರಿ ಹಂಗೇ. ಬಾಯಿಗಿಂತ ಮುಂಚೆ ಸ್ಕೇಲು ಮಾತಾಡೋದು. ನಾಯಂಡಹಳ್ಳಿಲಿ ನಮ್ದು ಮಾಡೆಲ್ ವರ್ಕ್‌ಶಾಪು. ಬಿಲ್ಡರ್‌ಗಳಿಗೆ ಅಪಾರ್ಟ್‌ಮೆಂಟು, ಲೇಔಟು ಎಲ್ಲ ಚಿಕ್ಕದಾಗಿ ಮಾಡಿಕೊಡ್ತೀವಿ. ನಾನು ಓದಿರೋದು ಏಳನೇ ಕ್ಲಾಸು. ಕೆಲಸ ಕಲ್ತಿದ್ದೆಲ್ಲ ಇವ್ರ ಹತ್ರ, ಏಟು ತಿಂದೇ. ಊಟದ ಹೊತ್ತಲ್ಲಿ ಮಾತ್ರ ಅದೇ ಕೈಯಲ್ಲಿ ತಮ್ಮ ಡಬ್ಬಿಯಿಂದ ಅರ್ಧ ಮುದ್ದೆ ಮುರಿದು ನಂಗೆ ಹಾಕೋರು.

ಆವತ್ತಿನ ಆರ್ಡರು ಬೇರೆ ಥರ. ಸ್ಕಾಟ್ಲೆಂಡಲ್ಲಿ ಸಮುದ್ರದ ದಡದಲ್ಲಿರೋ ಒಂದು ಊರು, ರಾಜರ ಕಾಲದ್ದು. ಹೆಂಗೆ ಬೆಳೀತು ಅಂತ ನಾಲ್ಕು ಹಲಗೆ ಮೇಲೆ ತೋರಿಸ್ಬೇಕು. ಒಂದರಲ್ಲಿ ಮೀನು ಹಿಡಿಯೋರ ಗುಡಿಸಲು. ಎರಡನೇದ್ರಲ್ಲಿ ಚರ್ಚು, ಸಂತೆ ಬೀದಿ. ಮೂರನೇದ್ರಲ್ಲಿ ಸುತ್ತ ಗೋಡೆ. ನಾಲ್ಕನೇದ್ರಲ್ಲಿ ಕಲ್ಲಿನ ಬಂದರು, ಹಡಗು.

"ನಮ್ಮ ನಾಯಂಡಹಳ್ಳಿ ಥರನೇ ಕಣೋ," ಅಂದ್ರು ಮೇಸ್ತ್ರಿ. "ಸಂತೆ ಕೂತ್ರೆ ಊರು ದಪ್ಪ ಆಗತ್ತೆ. ದಪ್ಪ ಆದ್ರೆ ಗೋಡೆ ಬರತ್ತೆ. ಗೋಡೆ ಬಂದ್ಮೇಲೆ ನಿನ್ನಂಥ ತಗಡಿನ ಮನೆಯೋರು ಹೊರಗೆ."

ಎಲ್ರೂ ನಕ್ರು. ಹೆಗ್ಗನಹಳ್ಳಿಲಿ ನಮ್ಮ ಮನೆ ತಗಡಿಂದೇ. ನಾನೂ ನಕ್ಕೆ.

ಅವ್ರ ಕಣ್ಣಿಗೆ ಪೊರೆ ಬಂದಿತ್ತು. ನಂಗೊಬ್ಬನಿಗೇ ಹೇಳಿದ್ರು. "ಓನರ್‌ಗೆ ಗೊತ್ತಾದ್ರೆ ಮನೆಗೆ ಕಳಿಸ್ತಾನೆ. ಡ್ರಾಯಿಂಗ್ ನೀನ್ ನೋಡು, ಕೈ ನಂದಿರ್ಲಿ." ಮೂರು ಹಲಗೆ ಹಂಗೇ ಮಾಡಿದ್ವಿ.

ನಾಲ್ಕನೇದಕ್ಕೆ ನಾನು ಬರೋದ್ರೊಳಗೆ ಒಬ್ರೇ ಕೂತು ಶುರು ಮಾಡಿಬಿಟ್ಟಿದ್ರು. ಮೂವತ್ತು ವರ್ಷ ಲೇಔಟ್ ಮಾಡಿರೋ ಕೈ. ನೀರು ಅಂದ್ರೆ ಈಶಾನ್ಯ ಮೂಲೆ. ಸಂಪು, ಬೋರ್‌ವೆಲ್ಲು ಎಲ್ಲ ಅಲ್ಲೇ ಇಟ್ಟು ಅಭ್ಯಾಸ. ಡ್ರಾಯಿಂಗಲ್ಲಿ ಸಮುದ್ರ ಇದ್ದಿದ್ದು ನೈಋತ್ಯಕ್ಕೆ. ಇವ್ರು ಈಶಾನ್ಯಕ್ಕೆ ನೀಲಿ ಬಳಿದಿದ್ರು.

"ಸರಿಯಿದ್ಯೇನೋ?"

ಹಿಂದಿನ ದಿನದ ಸ್ಕೇಲೇಟಿಗೆ ಗೆಣ್ಣು ಇನ್ನೂ ಊದಿತ್ತು.

"ಸೂಪರ್ ಮೇಸ್ತ್ರಿ," ಅಂದೆ. ಆಮೇಲೆ ಒಂದು ವಾರ ಅದೇ ಸಮುದ್ರದ ದಡಕ್ಕೆ ನಾನೇ ಹಡಗು ಅಂಟಿಸ್ದೆ.

ಆರ್ಡರ್ ಕೊಟ್ಟೋರು ಬಂದು ನಾಲ್ಕೂ ಪಕ್ಕಪಕ್ಕ ಇಟ್ಟು ನೋಡಿದ್ರು. ನಾಲ್ಕನೇದ್ರಲ್ಲಿ ಮಾತ್ರ ಸಮುದ್ರ ಊರು ದಾಟಿ ಆ ಕಡೆ ಹೋಗಿದೆ. ನಕ್ಕಿದ್ದೇ ನಕ್ಕಿದ್ದು.

"ಸ್ಕಾಟ್ಲೆಂಡಿಗೂ ವಾಸ್ತು ಮಾಡಿಬಿಟ್ರಾ ನಂಜುಂಡಪ್ಪೋರೇ?" ಅಂದ ಓನರು.

ಮೇಸ್ತ್ರಿ ಬಗ್ಗಿದ್ರು. ಮೂಗು ಹಲಗೆಗೆ ತಾಗೋವರೆಗೂ ಬಗ್ಗಿದ್ರು. ಆಗ ಎಲ್ರಿಗೂ ಗೊತ್ತಾಯ್ತು. ಓನರು ಅವ್ರ ಕೈಯಿಂದ ಸ್ಕೇಲು ಇಸ್ಕೊಂಡು, "ನಾಳೆಯಿಂದ ರೆಸ್ಟ್ ಮಾಡಿ," ಅಂದ.

ಬಸ್ ಸ್ಟಾಪ್ ತನಕ ಜೊತೇಲಿ ಹೋದೆ. ಅವ್ರು ಬೈಲಿಲ್ಲ. ಒಂದು ಬಸ್ ಬಂತು.

"ಯಾವ್ ಬಸ್ಸೋ ಅದು?"

"ಕೆಂಗೇರಿ, ಮೇಸ್ತ್ರಿ. ನಿಮ್ದೇ."

ನನ್ನ ಮುಖದ ಕಡೆ ನೋಡಿದ್ರು. ಆಮೇಲೆ ಬಾಗಿಲ ಹತ್ರ ಹೋಗಿ, "ಅಣ್ಣಾ, ಇದು ಕೆಂಗೇರಿಗೆ ಹೋಗತ್ತಾ?" ಅಂತ ಕಂಡಕ್ಟರ್‌ನ ಕೇಳಿ, ಅವ್ನು ಹೂಂ ಅಂದ್ಮೇಲೇ ಹತ್ತಿದ್ರು.